ಅರ್ಧ ಗುಡ್ಡೆ ಬದನೆಕಾಯಿ

ಆ ಗುಡ್ಡೆಯ ಮೇಲೆ ಒಂದೇ ಸಲಕ್ಕೆ ಎರಡು ಕೈ ಬಿದ್ದವು.

ಒಂದು ಕೈ ವನಜಾಳದು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಲೆಗಳಿದ್ದ ಕೈ. ಇನ್ನೊಂದು ಯಾರೋ ಗಂಡಸಿನದು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸು ಉಳಿದುಕೊಂಡ ಕೈ.

ಮದ್ದೂರಿನ ಸಂತೆ ಏಳುವ ಹೊತ್ತು. ಬೆಳಿಗ್ಗೆ ನಲವತ್ತಕ್ಕೆ ಮಾರಿದ ಬದನೆಕಾಯಿ ಗುಡ್ಡೆ ಈಗ ಇಪ್ಪತ್ತಕ್ಕೆ ಇಳಿದಿತ್ತು. ಉಳಿದದ್ದು ಅದೊಂದೇ.

"ಮೊದ್ಲು ಮುಟ್ಟಿದ್ದು ನಾನು," ಎಂದಳು ವನಜಾ, ಕೈ ತೆಗೆಯದೆ.

"ನೀವು ಮುಟ್ಟುದ್ರಿ. ನಾನು ಹಿಡ್ಕೊಂಡೆ," ಎಂದ ಅವನು. ಅವನೂ ತೆಗೆಯಲಿಲ್ಲ.

ತರಕಾರಿ ಮಾರುವ ಮಾಯಮ್ಮ ಎಲೆಅಡಿಕೆ ಉಗಿದು ಬಂದು ಇಬ್ಬರನ್ನೂ ನೋಡಿದಳು.

"ಕೈ ಮೇಲೆ ಕೈ ಇಟ್ಕೊಂಡು ನಿಂತ್ಕಳಕ್ಕೆ ಇದೇನು ಧಾರೆ ಮಂಟಪವಾ? ಅರ್ಧರ್ಧ ತಕ್ಕೊಂಡು ಓಯ್ತಾ ಇರಿ. ತಲಾ ಅತ್ತು ರೂಪಾಯಿ."

ವನಜಾ ಬೆಚ್ಚಿ ಕೈ ಎಳೆದುಕೊಂಡಳು. ಅವನ ಕಿವಿ ಕೆಂಪಾಗಿದ್ದು ಅವಳಿಗೆ ಕಾಣಿಸಿತು.

ಮುಂದಿನ ವಾರ ಅದೇ ಹೊತ್ತಿಗೆ ಅವನು ಅಲ್ಲೇ ನಿಂತಿದ್ದ. "ಪಾಲಿಗೆ ಬತ್ತೀರಾ?" ಎಂದು ಕೇಳಿದ.

ಹೀಗೆ ಶುರುವಾಯಿತು.

ಅವನ ಹೆಸರು ದೇವರಾಜು. ಮಳವಳ್ಳಿ ಕಡೆಯವನು. ಇಲ್ಲಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಬಾಡಿಗೆ ರೂಮಿನಲ್ಲಿ ಒಬ್ಬನೇ ಇದ್ದ. ಮಾತು ಕಡಿಮೆ. ಆದರೆ ಕೇಳುವುದರಲ್ಲಿ... ಅಂಥ ಕೇಳುಗನನ್ನು ವನಜಾ ಕಂಡಿರಲಿಲ್ಲ.

"ಬೇಳೆ ಅರ್ಧ ಗಂಟೆ ಮುಂಚೆ ನೆನೆಹಾಕಿ. ಕುಕ್ಕರು ಎರಡು ಕೂಗು ಕಮ್ಮಿ ಕೂಗ್ಸುದ್ರೆ ಸಾಕು, ಗ್ಯಾಸು ಉಳಿಯುತ್ತೆ."

"ಹೂಂ."

"ಪಲ್ಯ ಮುಕ್ಕಾಲು ಬೆಂದಾಗ ಒಲೆ ಆರ್ಸಿ, ತಟ್ಟೆ ಮುಚ್ಚಿಡಿ. ಮಿಕ್ಕಿದ್ದನ್ನ ಆವಿ ನೋಡ್ಕೊಳುತ್ತೆ."

"ಕೊತ್ತಂಬರಿ ದಂಟು?"

"ಬಿಸಾಕ್ಬೇಡಿ. ಚಟ್ನಿಗೆ ಅದೇ ರುಚಿ."

"ಸೋಪು ಸವೆದು ಚೂರಾದ್ರೆ?"

"ಹೊಸ ಸೋಪಿನ ಬೆನ್ನಿಗೆ ಅಂಟ್ಸಿ, ಒದ್ದೆ ಇದ್ದಾಗ್ಲೇ."

ಪುರಾಣ ಕೇಳುವವನ ಹಾಗೆ ತಲೆದೂಗುತ್ತಿದ್ದ ದೇವರಾಜು. ವನಜಾ ಮನೆಗೆ ನಡೆಯುತ್ತ ತನ್ನಷ್ಟಕ್ಕೆ ನಗುತ್ತಿದ್ದಳು.

ಅಪ್ಪ ಹೋದ ಮೇಲೆ ಆರು ವರ್ಷದಿಂದ ಹೊಲಿಗೆ ಮಿಷಿನ್ನಿನ ಮೇಲೆಯೇ ಮನೆ ನಡೆಯುತ್ತಿತ್ತು. ಅವಳೂ ಅಮ್ಮ ಯಶೋದಮ್ಮನೂ ಯಾರ ಮುಂದೆಯೂ ಕೈ ಚಾಚಿದವರಲ್ಲ. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಮಿಕ್ಕ ಬಟ್ಟೆಯ ಚೂರು ಕೈಚೀಲಕ್ಕೆ. ನೋಡಿದ ನೆಂಟರು "ಪಾಪ" ಎನ್ನುತ್ತಿದ್ದರು. ಆ ಒಂದು ಮಾತು ಅವಳಿಗೆ ಮುಳ್ಳು.

ದೇವರಾಜು ಒಮ್ಮೆಯೂ ಹಾಗೆ ನೋಡಿರಲಿಲ್ಲ. 'ಇವನ ಕಣ್ಣಿಗೆ ನಾನು ಬಡವಳಲ್ಲ, ಜಾಣೆ,' ಎಂದುಕೊಳ್ಳುತ್ತಿದ್ದಳು. ಹಾಗೆ ಅಂದುಕೊಂಡಾಗಲೆಲ್ಲ ಎದೆಯಲ್ಲಿ ಸಣ್ಣದೊಂದು ದೀಪ ಹೊತ್ತಿಕೊಳ್ಳುತ್ತಿತ್ತು. ಅದನ್ನು ಮಾತ್ರ ಆರಿಸಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಒಂದು ಸಂಜೆ ಪಾಲು ತೆಗೆದುಕೊಂಡು ಹೊರಟವಳಿಗೆ ಅರ್ಧ ದಾರಿಯಲ್ಲಿ ಛತ್ರಿ ನೆನಪಾಯಿತು. ತಿರುಗಿ ಬಂದಳು.

ದೇವರಾಜು ಕುಕ್ಕರಗಾಲಲ್ಲಿ ಕೂತು, ತನ್ನ ಪಾಲಿನ ಬದನೆಕಾಯಿಗಳನ್ನು ಒಂದೊಂದಾಗಿ ಮಾಯಮ್ಮನ ಬುಟ್ಟಿಗೆ ವಾಪಸ್ ಇಡುತ್ತಿದ್ದ.

"ಪ್ರತಿ ವಾರ ಇದೇ ಆಯ್ತಲ್ಲಪ್ಪ," ಎನ್ನುತ್ತಿದ್ದಳು ಮಾಯಮ್ಮ. "ದುಡ್ಡು ಕೊಡ್ತೀಯ, ಕಾಯಿ ಇಲ್ಲೇ ಬುಟ್ಟು ಓಯ್ತೀಯ."

ವನಜಾಳ ಕಾಲು ನಿಂತಲ್ಲೇ ನಿಂತಿತು.

ಪ್ರತಿ ವಾರ... ಹಾಗಾದರೆ ಇವನಿಗೆ ಇದು ಬೇಕೇ ಇರಲಿಲ್ಲ. ಪಾಲು ಅನ್ನುವುದು ಬರೀ ನೆಪ. ನನ್ನ ಖರ್ಚು ಹಗುರ ಮಾಡಲು ಇಬ್ಬರೂ ಸೇರಿ ಆಡಿದ ಆಟ.

ಇವನೂ 'ಪಾಪ' ಅಂದವನೇ. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ.

"ಬೇಡದೆ ಇದ್ಮೇಲೆ ಯಾಕೆ ತಗೊಂಡ್ರಿ?"

ದೇವರಾಜು ದಡಬಡಿಸಿ ಎದ್ದ. "ಅದು... ಹಂಗಲ್ಲ ಕಣ್ರೀ..."

"ಮತ್ತೆ ಹೆಂಗೆ?"

ಅವನು ಮಾಯಮ್ಮನ ಕಡೆ ನೋಡಿದ.

ವನಜಾ ಹತ್ತು ರೂಪಾಯಿಯ ನೋಟೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಬುಟ್ಟಿಯಿಂದ ಅವನ ಪಾಲಿನ ಕಾಯಿಗಳನ್ನೂ ಆರಿಸಿ ತನ್ನ ಚೀಲಕ್ಕೆ ತುಂಬಿಕೊಂಡಳು.

"ಇಡೀ ಗುಡ್ಡೆ ಕೊಂಡ್ಕೊಳೋ ಶಕ್ತಿ ನಂಗಿದೆ. ನಿಮ್ಮ ಕನಿಕರ ಬೇರೆ ಕಡೆ ಇಟ್ಕೊಳ್ಳಿ."

ಛತ್ರಿ ಮತ್ತೆ ಅಲ್ಲೇ ಉಳಿಯಿತು.

ನಾಲ್ಕನೆಯ ದಿನ ಯಶೋದಮ್ಮ ತಟ್ಟೆ ನೋಡಿ ನಿಟ್ಟುಸಿರು ಬಿಟ್ಟಳು. "ಸೋಮ್ವಾರದಿಂದ ಎಣಗಾಯಿ, ಗೊಜ್ಜು, ಪಲ್ಯ... ಇವತ್ತು ಸಾರಲ್ಲೂ ಬದ್ನೇಕಾಯಿ. ಯಾರ ಮೇಲಿನ ಸಿಟ್ಟವ್ವಾ ಇದು, ನನ್ನ ತಟ್ಟೆಗೆ ಬೀಳ್ತಾ ಅದೆ?"

ವನಜಾ ಅಮ್ಮನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಮೂರು ವಾರ ಅವಳು ಸಂತೆಯ ಕಡೆ ತಲೆ ಹಾಕಲಿಲ್ಲ. ಮೂಲೆ ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟು ತರಕಾರಿ ತಂದಳು. ಕೊಟ್ಟ ದುಡ್ಡಿಗಿಂತ ಬೇರೇನೋ ಕೈಜಾರಿ ಹೋದಂತೆ ಅನಿಸುತ್ತಿತ್ತು. ಬೇಳೆ ನೆನೆಹಾಕುವಾಗೆಲ್ಲ ಅವನ "ಹೂಂ" ಕೇಳಿಸುತ್ತಿತ್ತು.

ನಾಲ್ಕನೆಯ ವಾರ, ಸಂತೆಯ ದಿನ ಮಧ್ಯಾಹ್ನವೇ ಮಾಯಮ್ಮ ಮನೆ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ರವಿಕೆ ಬಟ್ಟೆ, ಇನ್ನೊಂದರಲ್ಲಿ ಛತ್ರಿ.

"ರವಿಕೆ ಒಲ್ಕೊಡು. ಅಳತೆ ತಕ್ಕೊಳೋವಾಗ ನಾನೊಂದ್ ಮಾತು ಏಳ್ತೀನಿ, ಬಾಯ್ ಮುಚ್ಕೊಂಡು ಕೇಳು."

ವನಜಾ ಟೇಪು ಹಿಡಿದಳು.

"ಆ ದೇವರಾಜುನ ರೂಮಲ್ಲಿ ಒಲೇನೇ ಇಲ್ಲ ಕಣವ್ವ."

ಟೇಪು ಕೈಯಿಂದ ಜಾರಿತು.

"ಎರಡೊತ್ತೂ ಮೆಸ್ಸಲ್ಲಿ ಉಣ್ಣೋನು. ಮೊದಲ್ನೇ ದಿನ ಬಂದಿದ್ದು ರೂಮಿನ ಓನರಮ್ಮ ಬದ್ನೇಕಾಯಿ ತತ್ತಾ ಅಂದಿದ್ಕೆ. ಆಮೇಲೆ ಬಂದಿದ್ದೆಲ್ಲ ನಿನ್ನ ಮಾತು ಕೇಳಕ್ಕೆ. ಒಲೆ ಇಲ್ದೋನು ಕಾಯಿ ಎತ್ಕೊಂಡೋಗಿ ತಲೆ ಮೇಲೆ ಇಟ್ಕೊಂಡಾನಾ? ಕೊಳೆತು ದಂಡ ಆಗದು ಬ್ಯಾಡ ಅಂತ ನನ್ ಬುಟ್ಟಿಗೇ ಆಕೋನು."

"ಅದನ್ನ ಅವತ್ತೇ ಹೇಳ್ಬೋದಿತ್ತಲ್ಲ..."

"ನೀನು ಏಳಕ್ಕೆ ಬುಟ್ಯಾ?"

ವನಜಾ ತಲೆ ತಗ್ಗಿಸಿದಳು. ಕನಿಕರ ಅಂದುಕೊಂಡದ್ದು ಕನಿಕರವಾಗಿರಲಿಲ್ಲ. ಬೆಂಕಿಯೇ ಇಲ್ಲದ ರೂಮಿನಲ್ಲಿದ್ದುಕೊಂಡು, ಬೇಳೆ ಬೇಯಿಸುವ ಬಗೆಯನ್ನು ಅಷ್ಟು ಶ್ರದ್ಧೆಯಿಂದ ಕೇಳಿದ್ದನಲ್ಲ ಆ ಮನುಷ್ಯ... ಅವಳ ಕಣ್ಣು ತುಂಬಿತು. ಆಮೇಲೆ ತಡೆಯಲಾಗದೆ ನಗುವೂ ಬಂತು.

ಅವತ್ತು ಸಂಜೆ ಗುಡಿಯ ಗಂಟೆ ಕೇಳಿಸುವ ಹೊತ್ತಿಗೆ ವನಜಾ ಸಂತೆಯಲ್ಲಿದ್ದಳು.

ದೇವರಾಜು ಮಾಯಮ್ಮನ ಬುಟ್ಟಿಯ ಪಕ್ಕದಲ್ಲೇ ನಿಂತಿದ್ದ. ಕೈಯಲ್ಲೊಂದು ಸ್ಟೀಲಿನ ಡಬ್ಬಿ. ಅವಳನ್ನು ಕಂಡು ಒಂದು ಹೆಜ್ಜೆ ಮುಂದೆ ಬಂದ, ಅಲ್ಲೇ ನಿಂತ. ಡಬ್ಬಿಯನ್ನು ಮಾತ್ರ ಮುಂದೆ ಚಾಚಿದ.

"ಏನಿದು?"

"ಪಲ್ಯ. ಒಲೆ ತಗೊಂಡೆ. ಈಗ ಮೂರು ವಾರ ಆಯ್ತು. ಪ್ರತಿ ಸಂತೆಗೂ ಮಾಡ್ಕೊಂಡು ಬತ್ತಾ ಇದ್ದೀನಿ."

"ನಾನು ಬರ್ಲೇ ಇಲ್ವಲ್ಲ."

"ನಾನೇ ತಿಂದೆ."

ವನಜಾ ಮುಚ್ಚಳ ತೆಗೆದು ಒಂದು ಚೂರು ಬಾಯಿಗಿಟ್ಟಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಉಪ್ಪು ಜಾಸ್ತಿ."

"ಹೂಂ."

"ತಳ ಹಿಡ್ದಿದೆ."

"ಮುಕ್ಕಾಲು ಬೆಂದಾಗ ಆರ್ಸಿ ಅಂದಿದ್ರಿ. ಮುಕ್ಕಾಲು ಅಂದ್ರೆ ಎಲ್ಲಿಗೆ ಅಂತ ಇನ್ನೂ ಗೊತ್ತಾಗಿಲ್ಲ."

ಅವಳು ತುಟಿ ಕಚ್ಚಿಕೊಂಡಳು. "ಒಲೆ ಇಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಮತ್ತೆ ಬದ್ನೇಕಾಯಿ ಯಾಕೆ ಅಂತ ಕೇಳ್ತಿದ್ರಿ." ದೇವರಾಜು ನೆಲ ನೋಡಿದ. "ಅದಕ್ಕೆ ಉತ್ರ ಹೇಳೋ ಧೈರ್ಯ ಇರ್ಲಿಲ್ಲ."

"ಈಗ?"

ಡಿಪೋದಿಂದ ಹೊರಟ ಬಸ್ಸೊಂದು ಹಾದುಹೋಯಿತು.

"ಎರಡು ಮನೇಲಿ ಎರಡು ಒಲೆ ಉರೀತಾ ಅವೆ. ಒಂದರಲ್ಲೇ ಬೇಯ್ಸುದ್ರೆ... ಗ್ಯಾಸು ಉಳೀತದೆ. ನೀವು ಒಪ್ಪುದ್ರೆ, ನಮ್ಮ ಮಳವಳ್ಳಿ ಕಡೆಯಿಂದ ಹಿರೀಕರನ್ನ ಕಳಿಸ್ತೀನಿ."

ವನಜಾಳಿಗೆ ಎಲ್ಲಾ ಸದ್ದೂ ದೂರವಾದಂತೆ ಅನಿಸಿತು. ಪ್ರೀತಿ ಅನ್ನುವ ಮಾತೇ ಅದರಲ್ಲಿರಲಿಲ್ಲ. ಆದರೆ ಅವಳ ಭಾಷೆಯಲ್ಲಿ ಅವಳಿಗೆ ಯಾರೂ ಇಷ್ಟು ಚೆನ್ನಾಗಿ ಅದನ್ನು ಹೇಳಿರಲಿಲ್ಲ.

"ನಮ್ಮಮ್ಮ ನನ್ನ ಜೊತೇಲೇ ಇರ್ತಾರೆ," ಎಂದಳು.

"ಇರ್ಲೇಬೇಕು. ಉಪ್ಪು ಜಾಸ್ತಿ ಅಂತ ನನ್ನ ಬೈಯಕ್ಕೆ ಇಬ್ರಾದ್ರೂ ಬೇಕು."

"ಮಾತಾಡಿ ಮುಗೀತಾ?" ಮಾಯಮ್ಮ ಗೋಣಿಚೀಲ ಕೊಡವುತ್ತ ಕೇಳಿದಳು. "ಕಡೇ ಗುಡ್ಡೆ ಅದೆ. ಪಾಲು ಮಾಡ್ಲಾ?"

ದೇವರಾಜು ಅಭ್ಯಾಸಬಲದಿಂದ ತನ್ನ ಚೀಲ ಬಿಡಿಸಿದ. ವನಜಾ ಅದನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು ಮಡಚಿದಳು. ತನ್ನ ಚೀಲದ ಬಾಯಿ ಅಗಲ ಮಾಡಿ ಹಿಡಿದಳು.

"ಬೇಡ ಮಾಯಮ್ಮ. ಎಲ್ಲಾ ಇದಕ್ಕೇ ಹಾಕು."

"ನನ್ನ ಚೀಲ?" ಎಂದ ಅವನು, ಮೆಲುದನಿಯಲ್ಲಿ.

"ಎತ್ತಿಟ್ಟಿರ್ತೀನಿ. ಇದು ಹಳೇದಾದ್ಮೇಲೆ ಬೇಕಾಗುತ್ತಲ್ಲ."

"ಹೂಂ," ಎಂದ ದೇವರಾಜು.