ವೀಣೆ ಟೀಚರ್ ಕತ್ತು

“ಟೀಚರ್, ನಮ್ಮ ದೊಡ್ಡಪ್ಪನ ಮಗಳು ರಂಜಿತಕ್ಕ ಚೀನಾದಲ್ಲಿ ಮಸಾಜ್ ಕಲ್ತ್ಕಂಡು ಬಂದವ್ಳೆ!”

ಚಪ್ಪಲಿ ಬಿಡುವುದಕ್ಕೂ ಮೊದಲೇ ಯಶಸ್ವಿನಿ ಒದರಿಬಿಟ್ಟಳು. ವೀಣೆ ಟೀಚರ್ ನೀಲಾಂಬಿಕೆ ಎಡಭುಜ ಒತ್ತಿಕೊಳ್ಳುತ್ತಾ ತಲೆಯೆತ್ತಿದರು.

“ಡಾಕ್ಟರ್ ಓದಕ್ಕಲ್ವೇನೇ ಅವ್ಳು ಓಗಿದ್ದು?”

“ಅದೂ ಓದವ್ಳೆ, ಇದೂ ಕಲ್ತವ್ಳೆ. ಟ್ವೀನಾ ಅಂತಾರಂತೆ. ಅಲ್ಲಿ ಪಿಟೀಲಿನೋರು, ಪಿಯಾನೋದೋರು ಎಲ್ಲಾ ಕೈ ನೋವು ಅಂತ ಮಾಡಿಸ್ಕತಾರಂತೆ. ಕರ್ಕಂಬಂದೀನಿ, ಗೇಟತ್ರ ಅವ್ಳೆ.”

ಟೀಚರಿಗೆ ನಗು ಬಂತು. ಯಶಸ್ವಿನಿ ನಗಲಿಲ್ಲ. ತಮ್ಮ ಎಡಗೈ ಬೆರಳು ಜುಮುಜುಮು ಅನ್ನುವುದು ನಿಲ್ಲದಿದ್ದರೆ ಮುಂದಿನ ತಿಂಗಳಿಂದ ಕ್ಲಾಸ್ ಇಲ್ಲ ಎಂದು ಟೀಚರ್ ಹೋದ ವಾರ ಹೇಳಿದ್ದರು. ಹೊಳೆನರಸೀಪುರದಲ್ಲಿ ವೀಣೆ ಕಲಿಸುವವರು ಅವಳಿಗೆ ಬೇರೆ ಯಾರೂ ಗೊತ್ತಿರಲಿಲ್ಲ.

ರಂಜಿತಾ ಒಳಗೆ ಬಂದು ಟೀಚರನ್ನು ಸ್ಟೂಲಿನ ಮೇಲೆ ಕೂರಿಸಿ, ಭುಜಕ್ಕೆ ಟವೆಲ್ ಹೊದಿಸಿದಳು. ಚಪಾತಿ ಲಟ್ಟಿಸುವ ಹಾಗೆ ಮುಷ್ಟಿಯ ಹಿಂಬದಿಯನ್ನು ಅದರ ಮೇಲೆ ಉರುಳಿಸಿದಳು. ಆಮೇಲೆ ಹೆಬ್ಬೆರಳಿನಿಂದ ಕತ್ತಿನ ಬುಡವನ್ನು ಮೆಲ್ಲಗೆ ಒತ್ತಿದಳು.

“ಎಣ್ಣೆ ಬ್ಯಾಡ್ವಾ?” ಯಶಸ್ವಿನಿ ಬಗ್ಗಿ ಬಗ್ಗಿ ನೋಡಿದಳು.

“ಬ್ಯಾಡ.”

“ನೋವಿರೋದು ಕೈಲಿ. ಕತ್ತು ಯಾಕೆ ಒತ್ತೀಯ?”

“ಕೈಗೆ ಓಗೋ ನರ ಕತ್ತಿಂದ್ಲೇ ಬರದು ಕಣೇ. ಸುಮ್ನಿರು, ಟೀಚರ್ ನಿದ್ದೆ ಮಾಡ್ತಾವ್ರೆ.”

“ನಿದ್ದೆ ಎಲ್ಲಿ ಬತ್ತದೆ, ನಿಮ್ಮಿಬ್ಬರ ಗಲಾಟೇಲಿ,” ಅಂದರು ಟೀಚರ್, ಕಣ್ಣು ಮುಚ್ಚಿಕೊಂಡೇ. “ಹಾಯಾಗೈತೆ.”

“ಇವತ್ತು ಹಾಯಾಗಿರ್ತೈತೆ. ಆದ್ರೆ ಕತ್ತಿನ ಎಡಗಡೆ ಕಲ್ಲಾಗ್ಬುಟ್ಟೈತೆ. ಯಾಕೆ ಅಂತ ಗೊತ್ತಾಗ್ಬೇಕು. ದಿನಾ ಪಾಠ ಮಾಡೋ ಅಂಗೇ ಒಂದ್ಸಲ ಮಾಡಿ, ನೋಡ್ತೀನಿ.”

ಇಬ್ಬರೂ ವೀಣೆ ಹಿಡಿದು ಕೂತರು. ಯಶಸ್ವಿನಿ ಟೀಚರ್ ಪಕ್ಕದಲ್ಲಿ, ಎಡಕ್ಕೆ. ಎದುರು ಕೂತರೆ ಟೀಚರ್ ಕೈ ಉಲ್ಟಾ ಕಾಣುತ್ತದೆ, ತನ್ನ ಬೆರಳು ಗಲಿಬಿಲಿಯಾಗುತ್ತದೆ ಎಂದು ಹಟ ಹಿಡಿದು ಅವಳೇ ಆರಿಸಿಕೊಂಡ ಜಾಗ.

ಪಾಠ ಶುರುವಾಯಿತು. ಯಶಸ್ವಿನಿಯ ಬೆರಳು ತಪ್ಪಿತು. ಟೀಚರ್ ಕತ್ತು ತಿರುಗಿಸಿ ನೋಡಿದರು.

“ಗ.”

ಮತ್ತೆ ತಪ್ಪಿತು. ಮತ್ತೆ ತಿರುಗಿದರು.

“ಗ ಅಂದ್ನಲ್ಲೇ.”

ದಿನವೂ ತನ್ನ ಬೆರಳನ್ನೇ ನೋಡುತ್ತಿದ್ದ ಯಶಸ್ವಿನಿ ಇವತ್ತು ಟೀಚರ್ ಕತ್ತು ನೋಡಿದಳು. ತಿರುಗಿದಾಗಲೆಲ್ಲ ಅಲ್ಲೊಂದು ನರ ಹಗ್ಗದ ಹಾಗೆ ಬಿಗಿಯುತ್ತಿತ್ತು. ಅವಳ ಕೈ ನಿಂತಿತು.

ರಂಜಿತಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಯಶಸ್ವಿನಿ ಎದ್ದು, ವೀಣೆ ಸಮೇತ ಚಾಪೆ ಎಳೆದುಕೊಂಡು, ಟೀಚರ್ ಎದುರಿಗೆ ಬಂದು ಕೂತಾಗಿತ್ತು.

“ಕೈ ಉಲ್ಟಾ ಕಾಣ್ತೈತಲ್ಲೇ ನಿಂಗೆ?”

“ಕಾಣ್ಲಿ ಬುಡಿ ಟೀಚರ್.”

ಸರಿಗಮ ಅಡ್ಡಾದಿಡ್ಡಿ ಓಡಿತು. ಟೀಚರ್ ಕತ್ತು ಮಾತ್ರ ನೆಟ್ಟಗಿತ್ತು.

ಹೊರಡುವಾಗ ಯಶಸ್ವಿನಿ ಬಾಗಿಲಲ್ಲಿ ನಿಂತಳು. “ಟೀಚರ್, ಮುಂದಿನ ತಿಂಗಳು...”

“ಮುಂದಿನ ತಿಂಗಳದ್ದು ಆಮೇಲೆ. ನಾಳೆ ಐದಕ್ಕೆ ಬಾ. ನಿಮ್ಮಕ್ಕನ್ನೂ ಕರ್ಕಂಬಾ.”