ತಿಮ್ಮರಾಜುವಿನ ತಲೆನೋವಿಗೆ ಸೊನ್ನೆ

"ನಮ್ಮೆಜಮಾನ್ರು ನಾಟ್ಕ ಆಡ್ತಾವ್ರಂತೆ ಅಕ್ಕಾ. ತಲೆನೋವಿಗೂ ಸೊನ್ನೆ, ಭಯಕ್ಕೂ ಸೊನ್ನೆ ಅಂತ ಡಾಕ್ಟ್ರು ಬರ್ದುಬುಟ್ರು."

ಹೊಸೂರಿನ ನಮ್ಮ ಮನೆ ಬಾಗಿಲಲ್ಲಿ ನಿಂತ ನರಸಮ್ಮನ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು. ಪೊಲೀಸ್ ಕೆಲಸದಿಂದ ನಿವೃತ್ತಳಾದ ಗೆಳತಿ ಚಂದ್ರಲೇಖಾ ಅವಳನ್ನು ಒಳಗೆ ಕೂರಿಸಿದಳು. ನಾನು ನೀರು ತಂದುಕೊಟ್ಟೆ.

ನರಸಮ್ಮನ ಗಂಡ ತಿಮ್ಮರಾಜು ಸೂಳಗಿರಿ ಬಳಿಯ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ನಡೆಸುತ್ತಿದ್ದ. ಒಂದು ದಿನ ಕಬ್ಬಿಣದ ತುಂಡು ಸಿಡಿದು ತಲೆಗೆ ಬಡಿಯಿತು. ಗಾಯ ಮಾಯಿತು, ತಲೆನೋವು ಹೋಗಲಿಲ್ಲ. ಜೋರು ಸದ್ದಾದರೆ ಬೆವೆತು ನಡುಗುತ್ತಿದ್ದ. ಅವನಿಗಾದ ಶಾಶ್ವತ ಊನ ಶೇಕಡಾ ಎಷ್ಟೆಂದು ಕೃಷ್ಣಗಿರಿಯ ಡಾಕ್ಟರು ಹೇಳಿದರೆ ಮಾತ್ರ ಪರಿಹಾರ. ಪರೀಕ್ಷೆಯ ದಿನ ಕಿಟಕಿಯಾಚೆ ಜನರೇಟರ್ ಗುಡುಗುತ್ತಿದ್ದರೂ ಅವನು ಕದಲದೆ ಕೂತಿದ್ದನಂತೆ. ಹಾಗಾಗಿ ಎಲ್ಲ ನಾಟಕವೆಂದು ಡಾಕ್ಟರು ಸೊನ್ನೆ ಬರೆದಿದ್ದರು.

"ಅವತ್ತು ಬೆಳಿಗ್ಗೆ ಹೇಗಿದ್ದ?" ಚಂದ್ರಲೇಖಾ ಕೇಳಿದಳು.

"ಸೂಳಗಿರಿ ಬಸ್ ಸ್ಟಾಪ್‌ನಾಗೆ ಹಾರನ್ ಕೇಳಿ ಕಿವಿ ಮುಚ್ಕಂಡು ನೆಲಕ್ಕೆ ಕುಂತ್ಬುಟ್ರು. ಜತೇಲಿ ವೇಣು ಇದ್ದ, ನಾನು ಕೂಲಿಗೆ ಹೋದೆ. ವಾಪಸ್ ಬಂದೋರು ಮಾರ್ನೇ ದಿನದ ಗಂಟ ಎದ್ದೇ ಇಲ್ಲ."

ವೇಣು ಅದೇ ಕಾರ್ಖಾನೆಯವನು, ತಿಮ್ಮರಾಜುವಿನ ಗೆಳೆಯ. ಸಂಜೆ ಅವನನ್ನೂ ಕರೆಸಿ ಕೇಳಿದೆವು. "ನಾನೇ ಟೀ ತಂದ್ಕೊಟ್ಟೆ, ಬಸ್ ಬರೋ ಗಂಟ ಕುಡುದ್ವಿ ಮೇಡಂ," ಎಂದ. "ದಾರೀ ಪೂರ್ತಿ ನಗ್ತಾ ಮಾತಾಡ್ಕಂಡ್ ಬಂದ. ಆಸ್ಪತ್ರೆ ಗೇಟ್‌ನಾಗೆ ನಮ್ ಕಾರ್ಖಾನೆ ಮ್ಯಾನೇಜರ್ ಚಲಪತಿ ಸಾರು ಇನ್ನೊಂದು ಟೀ ಕೊಡ್ಸಿದ್ರು."

ಮ್ಯಾನೇಜರನ ಟೀಯಲ್ಲೇ ಏನೋ ಬೆರೆಸಿದ್ದಾರೆಂದು ನಾನು ಖಚಿತವಾಗಿ ಹೇಳಿದೆ. ಚಂದ್ರಲೇಖಾ ಡಾಕ್ಟರಿಗೆ ಫೋನ್ ಮಾಡಿದಳು. ಗೇಟಿನಲ್ಲಿ ಟೀ ಕುಡಿಯುತ್ತಿದ್ದ ತಿಮ್ಮರಾಜುವನ್ನು ಕಿಟಕಿಯಿಂದ ಕಂಡು ಅವರು ತಕ್ಷಣವೇ ಒಳಗೆ ಕರೆದಿದ್ದರಂತೆ.

ಭಾನುವಾರ ಚಂದ್ರಲೇಖಾ ಕರೆಸಿದಂತೆ ನರಸಮ್ಮ, ತಿಮ್ಮರಾಜು, ವೇಣು, ಚಲಪತಿ ಎಲ್ಲರೂ ನಮ್ಮ ಪಡಸಾಲೆಯಲ್ಲಿ ಸೇರಿದರು. ಡಾಕ್ಟರು ಮುಖ ಗಂಟಿಕ್ಕಿಕೊಂಡೇ ಬಂದರು.

"ಚಲಪತಿಯವರೇ, ಟೀಗೆ ಏನು ಹಾಕಿದಿರಿ?" ಚಂದ್ರಲೇಖಾ ನೇರವಾಗಿ ಕೇಳಿದಳು.

ಚಲಪತಿ ಕೆಂಪಾದ. "ಏನೂ ಹಾಕಿಲ್ಲ. ನಾನು ಟೀ ಕೊಡಿಸೋ ಮೊದಲೇ ಅವನು ತೂಗಾಡ್ತಿದ್ದ. ವೇಣು ರಟ್ಟೆ ಹಿಡ್ಕೊಂಡು ಬಸ್ಸಿಂದ ಇಳಿಸಿದ."

"ನಂಬುತ್ತೇನೆ," ಎಂದಳು ಚಂದ್ರಲೇಖಾ. "ಮಂಪರಿನ ಮಾತ್ರೆ ಟೀ ಕುಡಿದ ಕೂಡಲೇ ಹತ್ತುವುದಿಲ್ಲ. ಸೂಳಗಿರಿಯಲ್ಲಿ ಹಾರನ್‌ಗೆ ನಡುಗಿದವನು ಕೃಷ್ಣಗಿರಿಯಲ್ಲಿ ತೂಗಾಡುತ್ತಿದ್ದನೆಂದರೆ ಅದು ಬಸ್ ಹತ್ತುವ ಮೊದಲೇ ಹೊಟ್ಟೆ ಸೇರಿತ್ತು. ಆಗ ಟೀ ತಂದುಕೊಟ್ಟವನು ವೇಣು. ತೂಗಾಡುತ್ತ ಇಳಿದವನು ದಾರಿಯೆಲ್ಲ ನಗ್ತಾ ಮಾತಾಡಿದ ಅಂತ ಸುಳ್ಳು ಹೇಳಿದವನೂ ಅವನೇ. ಇನ್ನು ನೀವು, ಚಲಪತಿಯವರೇ. ಮಂಪರು ಕಣ್ಣಾರೆ ಕಂಡೂ ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

ಉತ್ತರ ಬಂದದ್ದು ವೇಣುವಿನಿಂದ. "ಮಾತ್ರೆ ಸಾರೇ ಕೊಟ್ಟಿದ್ದು. ಪ್ರೊಡಕ್ಷನ್ ಜಾಸ್ತಿ ಆಗ್ಲಿ ಅಂತ ತುಂಡು ಸಿಡೀದಂಗೆ ತಡೆಯೋ ಮೆಷಿನ್ ಗಾರ್ಡ್ ಬಿಚ್ಚಿಸಿದ್ರು. ತಿಮ್ಮಂಗೆ ಪರ್ಸೆಂಟ್ ಬಿದ್ರೆ ವಿಚಾರ್ಣೆ ಆಗಿ ಅದೂ ಈಚೆಗ್ ಬತ್ತದೆ ಅಂತ. ನನ್ನ ಪರ್ಮನೆಂಟ್ ಮಾಡ್ತೀನಿ ಅಂದ್ರು."

ತಿಮ್ಮರಾಜು ವೇಣುವಿನತ್ತ ತಿರುಗಲೂ ಇಲ್ಲ. ಅವನ ಕಣ್ಣು ಡಾಕ್ಟರ ಮೇಲಿತ್ತು. "ಕೈ ಮುರುದಿದ್ರೆ ಎಕ್ಸ್‌ರೇ ನೋಡ್ತಿದ್ರಿ. ತಲೆನೋವು ಕಾಣಾಕಿಲ್ಲ, ಸರಿ ಸ್ವಾಮಿ. ಏನ್ ಕುಡ್ದು ಬಂದೆ, ಏನ್ ಮಾತ್ರೆ ನುಂಗ್ದೆ ಅಂತ ಒಂದ್ ಮಾತು ಕೇಳಾಕಾಗ್ಲಿಲ್ವಾ? ನನ್ ಹೆಂಡ್ರುನ್ನ ಕರ್ದು ರಾತ್ರಿ ಹೆಂಗೆ ಮಲಗ್ತಾನೆ ಅಂತ ಕೇಳಾಕಾಗ್ಲಿಲ್ವಾ? ಒಂದು ಬೆಳಿಗ್ಗೆ ಕಂಡು ಸುಳ್ಳ ಅಂದ್ಬುಟ್ರಲ್ಲ."

ಡಾಕ್ಟರು ಮರುದಿನವೇ ತಮ್ಮ ವರದಿ ಹಿಂದಕ್ಕೆ ಪಡೆದರು. ಬೇರೆ ವೈದ್ಯರು ತಿಮ್ಮರಾಜುವನ್ನು ಹಲವು ಸಲ ಕರೆಸಿ, ನರಸಮ್ಮನನ್ನೂ ಕೇಳಿ, ತಲೆನೋವಿಗೊಂದು, ಮನಸ್ಸಿನ ಏಟಿಗೊಂದು ಪ್ರಮಾಣ ಬರೆದರು. ಎರಡೂ ಸೊನ್ನೆಯಾಗಿರಲಿಲ್ಲ. ಗಾರ್ಡ್ ಬಿಚ್ಚಿಸಿದ್ದಕ್ಕೂ ಮಾತ್ರೆಗೂ ಚಲಪತಿಯ ಮೇಲೆ ಕೇಸು ನಡೆಯಿತು, ವೇಣು ಸಾಕ್ಷಿ ಹೇಳಿದ.

ಆಮೇಲೆ ಕ್ಷಮೆ ಕೇಳಲು ವೇಣು ತಿಮ್ಮರಾಜುವಿನ ಮನೆಗೆ ಬಂದಾಗ ಚಂದ್ರಲೇಖಾಳೂ ನಾನೂ ಅಲ್ಲೇ ಇದ್ದೆವು. ಬಾಗಿಲು ದಬದಬ ಬಡಿದ. ತಿಮ್ಮರಾಜು ತಲೆ ಹಿಡಿದುಕೊಂಡು ಗೋಡೆಗೆ ಮುದುರಿದ. ನರಸಮ್ಮ ಬಾಗಿಲು ಓರೆ ಮಾಡಿದಳು.

"ಬಡೀಬ್ಯಾಡ ಕಣ್ಲಾ," ಎಂದಳು ತಗ್ಗಿದ ದನಿಯಲ್ಲಿ. "ಒಳಗವ್ರಿಗೆ ತಲೆ ಸಿಡೀತೈತೆ."

ಸದ್ದಾಗದಂತೆ ಚಿಲಕ ಹಾಕಿದಳು.