ನಾಳೆ ನೆನಪಿಸು

"ಕೈ ತೆಗೀರಿ."

ಅವಳು ಅವನಿಗೆ ಆಡಿದ ಮೊಟ್ಟಮೊದಲ ಮಾತು ಅದು. ನಮಸ್ಕಾರವಿಲ್ಲ, ನೀವು ಯಾರು ಎಂಬ ಪ್ರಶ್ನೆಯೂ ಇಲ್ಲ. ಕೈಯಲ್ಲಿದ್ದ ಫೈಲುಗಳನ್ನು ಯಾರದೋ ಮೇಜಿನ ಮೇಲೆ ಕುಕ್ಕಿ, ಕುರ್ಚಿಗಳ ನಡುವೆ ಓಡಿ ಬಂದು, ಏದುಸಿರು ಬಿಡುತ್ತಾ ನಿಂತಿದ್ದಳು.

ಅವಳ ಮೇಜಿನ ಕೆಳಗೆ ಮಂಡಿಯೂರಿದ್ದವನ ಕೈ ಏಳನೇ ಕಂಪ್ಯೂಟರಿನ ಪ್ಲಗ್ಗಿನ ಮೇಲಿತ್ತು. ಅವನು ಕೈ ತೆಗೆದ. ಅಷ್ಟರಲ್ಲಿ ಟಿಣ್ ಎಂದು ಸದ್ದಾಯಿತು. ಪರದೆಯ ಮೂಲೆಯಲ್ಲಿ ಒಂದು ಹಳದಿ ಚೌಕ ಮೂಡಿತು. ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ.

'ಕೋಪ ಇಳೀತಾ? ಟೀ ಕುಡಿಯೋಣ, ಬಾ.'

ಓದಬಾರದಿತ್ತು. ಆದರೆ ಕಣ್ಣೆದುರಿಗೇ ಬಂದು ನಿಂತದ್ದನ್ನು ಓದದೆ ಇರುವುದು ಹೇಗೆ? ಪಾಪ, ಅವನು ಒಳ್ಳೆಯ ಮಾತೆಂದುಕೊಂಡೇ ಆಡಿದ.

"ಯಾರೋ ಕರೀತಿದ್ದಾರೆ ಮೇಡಂ. ಹೋಗಿ ಬನ್ನಿ. ನೀವು ಬರೋಷ್ಟರಲ್ಲಿ ಇದನ್ನ ಮುಗಿಸಿರ್ತೀನಿ."

ಇಡೀ ಕಚೇರಿಯಲ್ಲಿ ಕೀಲಿಗಳ ಸದ್ದು ಒಮ್ಮೆಗೇ ನಿಂತಿತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಗಿ, ಮೌಸ್ ಹಿಡಿದು, ಆ ಚೌಕದ ಕೆಳಗಿದ್ದ ಎರಡು ಗುಂಡಿಗಳಲ್ಲಿ ಬಲಗಡೆಯದನ್ನು ಒತ್ತಿದಳು. ಎಡಗಡೆಯದು 'ಮುಗಿಯಿತು'. ಬಲಗಡೆಯದು 'ನಾಳೆ ನೆನಪಿಸು'. ಚೌಕ ಮಾಯವಾಯಿತು. ಅವಳು ಕೈತೊಳೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮ್ಯಾನೇಜರ್ ಅವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. ಕರೆದವರು ಅವಳ ಗಂಡ. ಅವರು ತೀರಿಹೋಗಿ ಮೂರು ವರ್ಷವಾಗಿತ್ತು.

ಅದು ಬಸ್ಸುಗಳ ವೇಳಾಪಟ್ಟಿ ತಯಾರಿಸುವ ಕಚೇರಿ. ಬಸ್ಸು ತಡವಾಗಬಹುದು, ಪಟ್ಟಿ ತಡವಾಗಬಾರದು ಎನ್ನುವ ಜಾತಿಯ ಜನ. ಅವರ ನಡುವೆಯೂ ಅವಳ ಲೆಕ್ಕ ಎಷ್ಟು ಬಿಗಿಯೆಂದರೆ, ಎಲ್ಲರೂ ಅವಳನ್ನು 'ನಿಮಿಷಮ್ಮ' ಎಂದೇ ಕರೆಯುತ್ತಿದ್ದರು. ಗಂಡನೂ ಅಲ್ಲೇ ಕೆಲಸ ಮಾಡುತ್ತಿದ್ದ.

ಆ ದಿನ ಬೆಳಿಗ್ಗೆ ಇಬ್ಬರಿಗೂ ಜಗಳವಾಗಿತ್ತು. ಯಾತಕ್ಕೆ? ಮಂಚದ ಮೇಲೆ ಬಿಸಾಡಿದ್ದ ಒಂದು ಒದ್ದೆ ಟವಲಿಗೆ! ಅವಳು ಮಾತು ಬಿಟ್ಟಳು. ಅವನು ಅವಳಿಗಿಂತ ಮೊದಲೇ ಕಚೇರಿಗೆ ಬಂದು, ಅವಳ ಕಂಪ್ಯೂಟರಿನ ಮುಂದೆ ಕೂತು, ನಾಲ್ಕು ಹತ್ತಕ್ಕೆ ಬರುವಂತೆ ಆ ಸಾಲನ್ನು ಬರೆದಿಟ್ಟು ಡಿಪೋಗೆ ಹೋದ. ಎರಡು ಗಂಟೆಗೆ ಅಲ್ಲೇ ಎದೆ ಹಿಡಿದುಕೊಂಡು ಕುಸಿದನಂತೆ. ನಾಲ್ಕು ಹತ್ತಕ್ಕೆ ಅವಳು ಆಸ್ಪತ್ರೆಯ ಮೊಗಸಾಲೆಯಲ್ಲಿದ್ದಳು.

ಹದಿನಾರು ದಿನದ ಮೇಲೆ ಕೆಲಸಕ್ಕೆ ಬಂದು ಕಂಪ್ಯೂಟರಿನ ಮುಂದೆ ಕೂತಾಗ ಆ ಹಳದಿ ಚೌಕ ಕಾದು ಕೂತಿತ್ತು. ಕೆಳಗೆ ಸಣ್ಣಕ್ಷರದಲ್ಲಿ: 'ಹದಿನಾರು ದಿನ ತಡ'.

ಅವತ್ತು ನಾಲ್ಕು ಹತ್ತರವರೆಗೂ ಅದನ್ನು ಹಾಗೇ ಬಿಟ್ಟು, ಆಮೇಲೆ 'ನಾಳೆ ನೆನಪಿಸು' ಒತ್ತಿದಳು. ಮರುದಿನವೂ ಒತ್ತಿದಳು. ಗಂಡ ಒಂದೇ ಒಂದು ಸಲಕ್ಕೆಂದು ಬರೆದ ಮಾತನ್ನು ಮೂರು ವರ್ಷ ದಿನಾ ಎಬ್ಬಿಸುತ್ತಾ ಬಂದದ್ದು ಅವಳ ಬೆರಳೇ. ಕಚೇರಿಯವರು ಮಾತ್ರ ಏಳನೇ ಕಂಪ್ಯೂಟರಿನಲ್ಲಿ ದೆವ್ವ ಇದೆ ಎಂದುಕೊಂಡರು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ, ಯಾರೂ ಮುಟ್ಟದೆ, ಅದು ತಾನೇ ಎದ್ದು ಕೂರುತ್ತಿತ್ತು.

ಈಗ ಆ ಕಚೇರಿಯ ಹನ್ನೆರಡೂ ಕಂಪ್ಯೂಟರುಗಳಿಗೆ ವಯಸ್ಸಾಗಿತ್ತು. ಒಳಗಿನ ವ್ಯವಸ್ಥೆಗೆ, ಅಂದರೆ ಅವುಗಳನ್ನು ನಡೆಸುವ ತಂತ್ರಾಂಶಕ್ಕೆ, ತಯಾರಿಸಿದ ಕಂಪನಿಯ ಬೆಂಬಲ ನಿಂತುಹೋಗಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಯೋಚಿಸಿ, ಮೇಲಿನವರು ಯಂತ್ರ ಹಳೆಯದೇ ಇರಲಿ, ಒಳಗೆ ಹೊಸ ವ್ಯವಸ್ಥೆ ಹಾಕಿಸಿ ಎಂದು ಆಜ್ಞೆ ಹೊರಡಿಸಿದ್ದರು. ಎರಡು ವಾರದ ಗಡುವು. ಕೊನೆಯ ಶುಕ್ರವಾರ ಸಂಜೆಯೊಳಗೆ ಬದಲಾಗದ ಯಂತ್ರ ಗುಜರಿಗೆ.

ಅದಕ್ಕಾಗಿ ಬಂದವನೇ ಈ ರಿಪೇರಿಯವನು. ನಲವತ್ತರ ಹತ್ತಿರದ ವಯಸ್ಸು, ಒಂಟಿ ಜೀವ, ಅಂಗಿ ಜೇಬಿನಲ್ಲಿ ಸದಾ ಸ್ಕ್ರೂಡ್ರೈವರ್. ಮಾತಿನಲ್ಲಿ ಮಹಾ ಜಿಪುಣ. ನಾಲ್ಕು ಪದ ಬೇಕಾದಲ್ಲಿ ಮೂರರಲ್ಲೇ ಮುಗಿಸುವವನು. ಅದೇ ಮುಂದೆ ಅವನಿಗೆ ಎಷ್ಟು ದುಬಾರಿಯಾಯಿತೆಂದು ನೋಡುವಿರಂತೆ.

ಮರುದಿನ ಬೆಳಿಗ್ಗೆ ಅವನು ಅವಳ ಮೇಜಿನ ಬಳಿ ಬಂದು ನಿಂತ.

"ನಿನ್ನೆ ಆಡಿದ್ದು... ತಪ್ಪಾಯ್ತು."

ಅವಳು ಪಟ್ಟಿಯಿಂದ ಕಣ್ಣೆತ್ತಲಿಲ್ಲ. ಆದರೆ ಅವನು ಏಳನ್ನು ಬಿಟ್ಟು ಎಂಟಕ್ಕೆ ಹೋದದ್ದನ್ನು ಗಮನಿಸಿದಳು.

ಎಂಟರ ಪರದೆ 'ಈ ಕಂಪ್ಯೂಟರ್ ಹೊಸ ವ್ಯವಸ್ಥೆಗೆ ಅರ್ಹವಲ್ಲ' ಎಂದು ಮುಖಕ್ಕೆ ಹೊಡೆದಂತೆ ಹೇಳಿತು. ಅವನು ತನ್ನ ಪೆನ್‌ಡ್ರೈವ್ ಹಾಕಿ ಆ ಪರೀಕ್ಷೆಯನ್ನೇ ದಾಟಿಸಿದ. ಅನರ್ಹ ಅಂದಮೇಲೆ ಹಾಗೆ ನುಗ್ಗಿಸುವುದು ಸರಿಯೇ ಎಂದು ಅವಳು ತಡೆಯಲಾರದೆ ಕೇಳಿಬಿಟ್ಟಳು.

"ಅದು ವಯಸ್ಸು ಕೇಳುತ್ತೆ, ಯಾವ ಚಿಪ್ಪಿದೆ ಅಂತ ಕೇಳುತ್ತೆ. ಕೆಲಸ ಮಾಡ್ತೀಯಾ ಅಂತ ಕೇಳೋದೇ ಇಲ್ಲ."

"ಮುಂದೆ ತೊಂದರೆ ಬಂದ್ರೆ?"

"ಕಂಪನಿ ಹೊಣೆ ಅಲ್ಲ. ಅದನ್ನ ಬರೆದೇ ಕೊಟ್ಟಿದ್ದೀನಿ. ನಾನೇ ಬಂದು ನೋಡ್ಕೋಬೇಕು."

ಅವಳಿಗೆ ಮೂವತ್ತೈದು. ಗಂಡ ಸತ್ತ ಮೇಲೆ ಅವಳೂ ತನ್ನ ಹಣೆಗೆ ಅಂಥದೇ ಒಂದು ಚೀಟಿ ಅಂಟಿಸಿಕೊಂಡಿದ್ದಳು. *ಇನ್ನು ನಾನು ಯಾವ ಹೊಸದಕ್ಕೂ ಅರ್ಹಳಲ್ಲ...* ಅವನ ಮಾತು ಅದೇಕೋ ಆ ಚೀಟಿಯ ಒಂದು ಮೂಲೆಯನ್ನು ಎಬ್ಬಿಸಿತು.

ದಿನಗಳು ಕಳೆದವು. ಏಳನೇ ಯಂತ್ರ ಒಂಬತ್ತಕ್ಕೆ ತಾನೇ ಏಳುವುದರ ಗುಟ್ಟನ್ನು ಅವನು ಒಂದು ಬೆಳಿಗ್ಗೆ ಹುಡುಕಿ ತೋರಿಸಿದ. ದೆವ್ವವೂ ಇಲ್ಲ, ಭೂತವೂ ಇಲ್ಲ. ಯಂತ್ರದ ಬುಡದಲ್ಲೇ ಯಾರೋ ಒಂಬತ್ತಕ್ಕೆ ಎಬ್ಬಿಸುವ ಗಂಟೆ ಕೂರಿಸಿದ್ದರು. ಹೆಂಡತಿ ಬಂದು ಕಾಯಬಾರದೆಂದು ಗಂಡನೇ ಮಾಡಿಟ್ಟ ಏರ್ಪಾಡು! ಅವಳು ನಕ್ಕಳು. ನಗುತ್ತಾ ನಗುತ್ತಾ ಕಣ್ಣು ತುಂಬಿತು. ಮೂರು ವರ್ಷದಲ್ಲಿ ಅವಳು ಈ ಕಚೇರಿಯಲ್ಲಿ ನಕ್ಕದ್ದು ಅದೇ ಮೊದಲು.

ಆಗ ಅವನೂ ತನ್ನದೊಂದನ್ನು ಹೇಳಿಕೊಂಡ. ಈ ಕೆಲಸ ಕಲಿತ ಹೊಸದರಲ್ಲಿ ಮನೆಯ ಕಂಪ್ಯೂಟರಿಗೂ ಹೀಗೇ ಹೊಸ ವ್ಯವಸ್ಥೆ ಹಾಕಿದ್ದನಂತೆ. ತೀರಿಹೋದ ಅಮ್ಮ ಗುನುಗಿದ್ದ ಒಂದು ಹಾಡಿನ ಧ್ವನಿ ಅದರಲ್ಲಿತ್ತು. ಅಪ್ಪ ದಿನಾ ಕೇಳುತ್ತಿದ್ದರು. ಅದು ಅಳಿಸಿಹೋಯಿತು.

"ಅಪ್ಪ ಒಂದು ಮಾತೂ ಬಯ್ಯಲಿಲ್ಲ. ಸುಮ್ನೆ ಎದ್ದು ಹೋದ್ರು. ಆ ಸುಮ್ನಿದ್ದದ್ದು ಈಗಲೂ ಕೇಳಿಸುತ್ತೆ."

ಅವಳು ತನಗರಿವಿಲ್ಲದೆ ಅವನ ಮುಂದಕ್ಕೆ ನೀರಿನ ಲೋಟ ಸರಿಸಿದಳು. ಆ ಸಂಜೆ ನಾಲ್ಕು ಹತ್ತಾದಾಗ ಅವನು ತಾನಾಗೇ ಎದ್ದು ಹೊರಗೆ ಹೋಗಿ ನಿಂತದ್ದನ್ನೂ ಕಂಡಳು. ಅಷ್ಟು ಸಾಕಾಯಿತು. ಎದೆಯಲ್ಲಿ ಏನೋ ಮಿಸುಕಿತು. ಆ ಮಿಸುಕಾಟಕ್ಕೇ ಅವಳು ಹೆದರಿದಳು. *ಕೋಪ ಇಳೀತಾ ಎಂದು ಗಂಡ ಕೇಳಿದ್ದಕ್ಕೇ ನಾನಿನ್ನೂ ಉತ್ತರ ಕೊಟ್ಟಿಲ್ಲ. ಇನ್ನೊಬ್ಬರ ಹೆಜ್ಜೆ ಸದ್ದಿಗೆ ಹೇಗೆ ಕಿವಿಗೊಡಲಿ?*

ಕೊನೆಯ ಶುಕ್ರವಾರ ಏಳೊಂದೇ ಉಳಿದಿತ್ತು. ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಹೊರಡುವ ಮುಂಚೆ ಅವಳು ಒಂದು ಚೀಟಿ ಬರೆದು ಪರದೆಗೆ ಅಂಟಿಸಿದಳು: 'ಇದನ್ನು ತೆಗೆಯಬೇಡಿ.'

ನಾಲ್ಕಕ್ಕೆ ಐದು ನಿಮಿಷವಿರುವಾಗ ವಾಪಸಾದಳು. ಚೀಟಿ ಇರಲಿಲ್ಲ. ಏಳರ ಪರದೆಯ ಮೇಲೆ ಅವಳು ಎಂದೂ ಕಾಣದ ನೀಲಿ ಬಣ್ಣ ಹರಡಿತ್ತು. ಪಕ್ಕದಲ್ಲಿ ಅವನ ಕೆಲಸದ ಪುಸ್ತಕದಿಂದ ಹರಿದ ಹಾಳೆ.

'ಯಂತ್ರ ೭: ಹಳೆಯದನ್ನು ತೆಗೆದಿದೆ. ಹೊಸದು ಹಾಕಿದೆ.'

ಅವಳು ಕುರ್ಚಿಯ ಮೇಲೆ ಕೂತಳು. ನಾಲ್ಕು ಐದು. ನಾಲ್ಕು ಏಳು. ನಾಲ್ಕು ಹತ್ತು...

ಟಿಣ್ ಎನ್ನಲಿಲ್ಲ.

ನಾಲ್ಕು ಹನ್ನೊಂದಾಯಿತು. ಗಂಡ ಎರಡನೇ ಸಲ ಸತ್ತ.

ರಿಪೇರಿಯವನು ಆಗಲೇ ತನ್ನ ಅಂಗಡಿಗೆ ಹೊರಟುಹೋಗಿದ್ದ. ಫೋನ್ ಮಾಡಿದಳು. ಅವನು 'ಮೇಡಂ, ನಿಮ್ಮದನ್ನ...' ಎನ್ನುವಷ್ಟರಲ್ಲಿ ತಡೆದಳು.

"ನಿಮ್ಮಪ್ಪನ ಥರ ಸುಮ್ಮನಿರೋಕೆ ನನಗೆ ಬರಲ್ಲ. ನೀವು ಎರಡನೇ ಸಲ ಅದನ್ನೇ ಮಾಡಿದ್ರಿ. ಇನ್ನು ನಿಮ್ಮ ಮುಖ ತೋರಿಸಬೇಡಿ."

ಫೋನಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಹನ್ನೊಂದು ಸಲ ಕರೆ ಮಾಡಿದ. ಅವಳು ಒಂದನ್ನೂ ತೆಗೆದುಕೊಳ್ಳಲಿಲ್ಲ.

ಭಾನುವಾರ ಅತ್ತೆ ಸೊಸೆಯ ಊದಿದ ಕಣ್ಣು ನೋಡಿ, ತನ್ನ ಕಣ್ಣಿಗೆ ಹಾಕುವ ಔಷಧಿಯ ಸೀಸೆಯನ್ನು ಅವಳಿಗೇ ಚಾಚಿದರು.

"ನನಗಿಂತ ನಿನಗೇ ಬೇಕು ಅನ್ಸುತ್ತೆ. ಏನಾಯ್ತು ಹೇಳು."

ಅವಳು ಎಲ್ಲವನ್ನೂ ಹೇಳಿದಳು. ಮಗನ ಆ ಕೊನೆಯ ಮಾತನ್ನು ಅತ್ತೆ ಕೇಳಿದ್ದು ಅದೇ ಮೊದಲು. ಸೆರಗನ್ನು ಬಾಯಿಗೊತ್ತಿಕೊಂಡರು. ಆಮೇಲೆ ಆ ಹಾಳೆಯನ್ನು ಓದಿಸಿಕೊಂಡರು. ಮತ್ತೆ ಓದು ಎಂದರು.

"'ತೆಗೆದಿದೆ' ಅಂತ ತಾನೇ ಬರೆದಿರೋದು? ಅಲ್ಲ ಕಣೇ, ನನ್ನ ಮಗನ ಬಟ್ಟೆ ಎಲ್ಲಾ ನಾನೇ ಅಲ್ವಾ ಬೀರುವಿನಿಂದ ತೆಗೆದದ್ದು? ಎಸೆದುಬಿಟ್ನಾ? ಟ್ರಂಕಲ್ಲಿ ಮಡಚಿ ಇಟ್ಟಿಲ್ವಾ?"

ಅವಳು ಹಾಳೆಯನ್ನು ಮತ್ತೆ ನೋಡಿದಳು.

"ತೆಗೆಯೋದು ಬೇರೆ, ತೆಗೆದುಹಾಕೋದು ಬೇರೆ. ನೀನು ಕೇಳಿದ್ಯಾ ಅವರನ್ನ? ಇಲ್ಲ. ಆ ಒದ್ದೆ ಟವಲ್ ಜಗಳದ ದಿನವೂ ಹೀಗೇ ಮಾಡ್ದೆ. ಬಾಯಿ ಬಿಟ್ಟು ಕೇಳಲೇ ಇಲ್ಲ."

ಆ ಮಾತು ನಾಟಿತು. ಅತ್ತೆ ಅವಳ ತಲೆ ಸವರಿದರು.

"ನನ್ನ ಮಗ ನಿನ್ನ ಕರೆದದ್ದು ಟೀಗೆ. ಅಳೋಕೆ ಅಲ್ಲ."

ಸೋಮವಾರ ಅವಳು ಒಂಬತ್ತಕ್ಕೆ ಮೂರು ನಿಮಿಷ ಮುಂಚೆಯೇ ಬಂದು ಏಳರ ಮುಂದೆ ನಿಂತಳು. ಒಂಬತ್ತು ಹೊಡೆಯಿತು. ಯಾರೂ ಮುಟ್ಟದೆ ಯಂತ್ರದೊಳಗೆ ಫ್ಯಾನು ತಿರುಗಿತು, ದೀಪ ಹತ್ತಿತು. ಹೊಸ ವ್ಯವಸ್ಥೆ ಹಾಕಿದವನು ಗಂಡ ಕೂರಿಸಿದ ಗಂಟೆಯನ್ನು ಮುಟ್ಟಿರಲಿಲ್ಲ.

ಅವಳು ಮ್ಯಾನೇಜರಿಗೆ ಒಂದು ಗಂಟೆ ರಜೆ ಹೇಳಿ ಅವನ ಅಂಗಡಿಗೆ ನಡೆದಳು.

ಅಂಗಡಿಯ ಶಟರ್ ಅರ್ಧಕ್ಕೆ ಇಳಿದಿತ್ತು. ಬಗ್ಗಿ ಒಳಗೆ ಹೋದಳು. ಬಿಚ್ಚಿದ ಕಂಪ್ಯೂಟರುಗಳ ನಡುವೆ ಕೂತಿದ್ದವನು ತಟ್ಟನೆ ಎದ್ದು ನಿಂತ. ಎರಡು ದಿನದ ಗಡ್ಡ, ನಿದ್ದೆಯಿಲ್ಲದ ಕಣ್ಣು. ಮೇಜಿನ ಮೇಲಿದ್ದ ಒಂದು ಪೆಟ್ಟಿಗೆಯನ್ನು ಅವಳ ಮುಂದಿಟ್ಟ. ಒಳಗೆ ಬಟ್ಟೆಯಲ್ಲಿ ಸುತ್ತಿದ ಹಾರ್ಡ್ ಡಿಸ್ಕ್. ಅದರ ಮೇಲೆ ಅಂಟಿದ್ದು ಅವಳದೇ ಚೀಟಿ. 'ಇದನ್ನು ತೆಗೆಯಬೇಡಿ' ಎಂಬ ಸಾಲಿನ ಕೆಳಗೆ ಅವನು ಬರೆದಿದ್ದ: 'ತೆಗೆದಿಟ್ಟಿದ್ದೀನಿ.'

"ಸಂಜೆ ಗುಜರಿಯವರು ಬರ್ತಾರೆ ಅಂದ್ರು ಮ್ಯಾನೇಜರ್. ಅದಕ್ಕೇ ಇದನ್ನ ಬಿಚ್ಚಿಕೊಂಡೆ, ಬೇರೆ ಡಿಸ್ಕಲ್ಲಿ ಹೊಸದು ಹಾಕಿದೆ. ನಿಮ್ಮದು ಒಂದಕ್ಷರಾನೂ ಹೋಗಿಲ್ಲ."

"ಹಾಳೇಲಿ ಅಷ್ಟು ಬರೆಯೋಕೆ ಏನಾಗಿತ್ತು ನಿಮಗೆ?"

"ಜಾಗ ಇರಲಿಲ್ಲ," ಎಂದು ತಲೆ ತಗ್ಗಿಸಿದ. "ಇತ್ತು. ಬುದ್ಧಿ ಇರಲಿಲ್ಲ."

ಫೋನಿನಲ್ಲಿ ಆಡಿದ ಮಾತಿಗೆ ಅವಳು ಕ್ಷಮೆ ಕೇಳಿದಳು. ಅವನು ಬೇಡವೆಂಬಂತೆ ಕೈಯಾಡಿಸಿ, ಅದೇ ಕಾಲದ ಒಂದು ಹಳೆಯ ಯಂತ್ರಕ್ಕೆ ಡಿಸ್ಕ್ ಜೋಡಿಸಿ ಚಾಲೂ ಮಾಡಿದ. ನಾಲ್ಕು ಹತ್ತರವರೆಗೆ ಕಾಯಬೇಕಾಗಲಿಲ್ಲ. ಪರದೆ ಬೆಳಗುತ್ತಿದ್ದಂತೆ ಟಿಣ್ ಎಂದಿತು.

'ಕೋಪ ಇಳೀತಾ? ಟೀ ಕುಡಿಯೋಣ, ಬಾ.' ಕೆಳಗೆ: 'ಮೂರು ದಿನ ತಡ'.

ಅವನು ಎಂದಿನಂತೆ ಹೊರಗೆ ಹೋಗಲು ತಿರುಗಿದ.

"ಇರಿ," ಎಂದಳು.

ಮೌಸ್ ಹಿಡಿದಳು. ಬೆರಳು ಅಭ್ಯಾಸದಂತೆ ಬಲಕ್ಕೆ ಹೊರಟು, ನಿಂತಿತು.

"ಅವಸರ ಏನಿಲ್ಲ ಮೇಡಂ. ಮುಗಿಯಿತು ಅಂದ್ರೆ ಮತ್ತೆ ಬರಲ್ಲ."

"ಪ್ರಶ್ನೆ ಕೇಳಿದೋರನ್ನ ಎಷ್ಟು ದಿನ ಅಂತ ಬಾಗಿಲಲ್ಲಿ ನಿಲ್ಲಿಸೋದು?" ಎಂದಳು ಅವಳು. ಆಮೇಲೆ ಪರದೆಯ ಕಡೆ ಬಾಗಿ, ಮಲಗಿದವರ ಕಿವಿಯಲ್ಲಿ ಹೇಳುವಂತೆ ಮೆಲ್ಲಗೆ ಹೇಳಿದಳು. "ಇಳೀತು ಕಣೋ. ಅವತ್ತೇ ಇಳಿದಿತ್ತು."

'ಮುಗಿಯಿತು' ಒತ್ತಿದಳು. ಚೌಕ ಹೋಯಿತು. ಅವಳು ಅತ್ತಳು, ಮೂರು ವರ್ಷದ್ದನ್ನೆಲ್ಲ ಅತ್ತಳು. ಅವನು ಪಕ್ಕದಲ್ಲಿ ನಿಂತೇ ಇದ್ದ. ಅಳು ನಿಂತ ಮೇಲೆ, ಜೀವಮಾನದಲ್ಲೇ ಅತಿ ಉದ್ದದ ಮಾತೊಂದನ್ನು ಆಡಿದ.

"ಅವರನ್ನ ಮನಸ್ಸಿನಿಂದ ತೆಗೀರಿ ಅಂತ ನಾನು ಯಾವತ್ತೂ ಕೇಳಲ್ಲ. ತೆಗೆದಿಡಿ. ಬೇಕಾದಾಗ ನೋಡಿ. ಉಳಿದ ಜಾಗದಲ್ಲಿ ಎಲ್ಲಾದ್ರೂ ಒಂದು ಮೂಲೆ ಇದ್ರೆ... ನನಗೆ ನೀವು ಅಂದ್ರೆ ಇಷ್ಟ."

ಅವಳು ಕಣ್ಣೊರೆಸಿಕೊಂಡಳು.

"ನಾನೂ ಹಳೇ ಯಂತ್ರಾನೇ. ಮುಂದೆ ತೊಂದರೆ ಬಂದ್ರೆ?"

"ನಾನೇ ಬಂದು ನೋಡ್ಕೋತೀನಿ."

ಹೊರಗೆ ಒಂದು ಬಸ್ಸು ಹಾದುಹೋಯಿತು. ಎರಡು ನಿಮಿಷ ತಡ ಎಂದು ಅವಳ ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ತಡವಾದರೂ ಬಂತಲ್ಲ ಎಂದುಕೊಂಡಳು. ಅವನ ತುಟಿ ಏನೋ ಕೇಳಲು ಹೊರಟು ನಿಂತದ್ದು ಅವಳಿಗೆ ಕಾಣಿಸಿತು. ಆ ಮಾತು ಇನ್ನೊಬ್ಬರದು, ತಾನು ಆಡಬಾರದು ಎಂದು ಅವನು ನುಂಗಿಕೊಂಡದ್ದೂ ತಿಳಿಯಿತು. ಅದಕ್ಕೇ ಅವಳೇ ಆಡಿದಳು.

"ಟೀ ಕುಡಿಯೋಣ, ಬನ್ನಿ."

ಅವನು ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟು, ಅವಳು ಬಗ್ಗಬಾರದೆಂದು ಶಟರನ್ನು ಪೂರ್ತಿ ಮೇಲೆತ್ತಿದ. ಇಬ್ಬರೂ ಬೆಳಕಿಗೆ ಬಂದರು.

"ಶಟರ್ ಹಾಕಿ ಬರಲಾ?"

"ಬೇಡ," ಎಂದಳು ಅವಳು. "ತೆಗೆದೇ ಇರಲಿ."